ವಾಲ್ವ್ ಕಡೆಯ ಹನ್ನೊಂದು ಪ್ಯಾಚು

ಪಂಚರ್ ಹಾಕುವವನ ಪಾಡು ವಿಚಿತ್ರ. ಕೆಲಸ ಕೆಟ್ಟರೆ ಗಿರಾಕಿ ಬಂದು ಬೈಯುತ್ತಾರೆ, ಚೆನ್ನಾದರೆ ಮತ್ತೆ ಮುಖವನ್ನೇ ತೋರಿಸುವುದಿಲ್ಲ. ಪಕ್ಕದ ಕಟಿಂಗ್ ಶಾಪಿನವನಿಗೆ ಈ ತಾಪತ್ರಯವಿಲ್ಲ. ಅವನು ಎಷ್ಟೇ ನೀಟಾಗಿ ಕತ್ತರಿಸಲಿ, ತಿಂಗಳು ತುಂಬುವುದರೊಳಗೆ ಕೂದಲು ತಾನಾಗಿ ಬೆಳೆದು ತನ್ನ ಯಜಮಾನನನ್ನು ಎಳೆದುಕೊಂಡು ಬಂದು ಕುರ್ಚಿಯ ಮೇಲೆ ಕೂರಿಸುತ್ತದೆ.

"ತಪ್ಪೆಲ್ಲಾ ನಿಂದೇ ಪ್ಯಾಚಣ್ಣ," ಎಂದು ಕಟಿಂಗ್‌ನವನು ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಒರಗಿ ರೇಗಿಸುತ್ತಿದ್ದ. "ಅಷ್ಟು ಗಟ್ಟಿಯಾಗಿ ಯಾಕೆ ಅಂಟಿಸ್ತೀಯಾ? ಸ್ವಲ್ಪ ಸಡಿಲ ಬಿಡು. ನಾನು ಯಾರನ್ನಾದ್ರೂ ಪೂರ್ತಿ ಬೋಳು ಮಾಡಿ ಕಳಿಸ್ತೀನಾ ನೋಡು."

"ಸಡಿಲ ಬಿಟ್ರೆ ದಾರೀಲಿ ಬೀಳ್ತಾರಪ್ಪ."

"ಬಿದ್ರೆ ಎದ್ದು ನಿನ್ನತ್ರಾನೇ ತಾನೇ ಬರೋದು?"

ಪ್ಯಾಚಣ್ಣ ನಗುತ್ತಿದ್ದ. ಅರವತ್ತೊಂದು ವಯಸ್ಸು, ಸಣಕಲು ಮೈ, ಎರಡೂ ಹೆಬ್ಬೆರಳುಗಳು ಮಾತ್ರ ಬೇರೆ ಯಾರದೋ ಕೈಯಿಂದ ತಂದು ಜೋಡಿಸಿದ ಹಾಗೆ ದಪ್ಪ. ಏರು ರಸ್ತೆಯ ತುತ್ತತುದಿಯಲ್ಲಿ ಅವನ ಅಂಗಡಿ. ಅಂಗಡಿ ಅಂದರೆ ಒಂದು ಶಟರ್, ಅದರ ಹಿಂದೆ ಎಂಟು ಹೆಜ್ಜೆ ಉದ್ದದ ಜಾಗ, ಜಾಗದ ಹಿಂದೆ ಒಂದು ಕೋಣೆ. ಕೋಣೆಯಲ್ಲಿ ಒಂದು ಮಂಚ, ಒಂದು ಒಲೆ, ಕಟಿಂಗ್‌ನವನು ಮೂಲೆ ಒಡೆಯಿತೆಂದು ಎಸೆಯಲು ಹೊರಟಿದ್ದ ಕನ್ನಡಿ. ಮುಂದುಗಡೆ ಟ್ಯೂಬ್ ಮುಳುಗಿಸಿ ಗುಳ್ಳೆ ನೋಡಲು ಒಂದು ಕಬ್ಬಿಣದ ಬಾಣಲಿ. ಹಿಂದಿನ ದಿನ ಒಂದೂ ಟ್ಯೂಬ್ ಮುಳುಗದಿದ್ದರೂ ಪ್ಯಾಚಣ್ಣ ದಿನಾ ಬೆಳಿಗ್ಗೆ ಅದರ ನೀರು ಚೆಲ್ಲಿ ಹೊಸ ನೀರು ತುಂಬುತ್ತಿದ್ದ. ಆಮೇಲೆ ಆ ನೀರಿನ ಎದುರು ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಮೀನು ಹಿಡಿಯಲು ಕೂತವನಂತೆ ಕಾಣುತ್ತಿದ್ದನೆಂದು ಕಟಿಂಗ್‌ನವನು ಹೇಳುತ್ತಿದ್ದುದು ಸುಳ್ಳೇನಲ್ಲ.

ಮೊದಲು ಅವನು ಸೈಕಲ್ ಫ್ಯಾಕ್ಟರಿಯಲ್ಲಿದ್ದ. ಇಪ್ಪತ್ತೆರಡು ವರ್ಷ, ಚಕ್ರ ಕಟ್ಟುವ ವಿಭಾಗದಲ್ಲಿ, ಒಂದೇ ಮೇಜು, ಒಂದೇ ಕೆಲಸ. ಒಂದು ಚಕ್ರಕ್ಕೆ ಮೂವತ್ತಾರು ಕಡ್ಡಿ. ಪ್ರತಿ ಕಡ್ಡಿಯ ತುದಿಯೂ ರಿಮ್ಮಿನ ತೂತಿನಲ್ಲಿ ತೂರಿ ಒಳಬದಿಗೆ ಬಂದು, ತಲೆಗೊಂದು ತಿರುಪು ಹಾಕಿಸಿಕೊಂಡು ಬಿಗಿಯಾಗಿ ಕೂತಿರುತ್ತದೆ. ಕೆಲವು ತುದಿ ಆ ತಿರುಪನ್ನೂ ದಾಟಿ ಒಂದೇ ಒಂದು ಎಳೆಯಷ್ಟು ಮೇಲೆ ಇಣುಕುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ. ಟ್ಯೂಬಿಗೆ ಕಾಣುತ್ತದೆ. ಪ್ಯಾಚಣ್ಣ ಹೆಬ್ಬೆರಳಿಗೆ ಹತ್ತಿಬಟ್ಟೆ ಸುತ್ತಿ ರಿಮ್ಮಿನ ಒಳಬದಿಯ ಮೇಲೆ ಒಂದು ಸುತ್ತು ಎಳೆಯಬೇಕು. ಬಟ್ಟೆಯ ನೂಲು ಎಲ್ಲಿ ಸಿಕ್ಕಿತೋ ಅಲ್ಲಿ ಉಕ್ಕಿನ ಅರ ಹಾಕಿ ಉಜ್ಜಿ ತುದಿಯನ್ನು ಸವೆಸಬೇಕು. ಅಷ್ಟೇ. ಆ ಮೇಜಿನ ಸುತ್ತ ಒಂಬತ್ತು ಜನ ಇದ್ದರು. ಬೆಳಗಿಂದ ಸಂಜೆವರೆಗೆ ಒಬ್ಬರ ಕಾಲು ಒಬ್ಬರು ಎಳೆಯುತ್ತಾ, ಬೈದಾಡುತ್ತಾ, ಊಟದ ಡಬ್ಬಿಗೆ ಕೈ ಹಾಕುತ್ತಾ. ಫ್ಯಾಕ್ಟರಿ ಮುಚ್ಚಿದ ದಿನ ಒಂಬತ್ತು ಜನರೂ ಗೇಟಿನ ಹತ್ತಿರ ನಿಂತು, ವಾರಕ್ಕೊಂದು ಸಲ ಸೇರೋಣ ಎಂದು ಮಾತಾಡಿಕೊಂಡರು. ಒಂದು ವಾರವೂ ಸೇರಲಿಲ್ಲ.

ಮದುವೆ ಆಗಬೇಕಿತ್ತು, ಆಗಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಳು, ಆಮೇಲೆ ಅಮ್ಮ ಹೋದಳು, ಅಷ್ಟರಲ್ಲಿ ವಯಸ್ಸೂ ಹೋಗಿತ್ತು. ಒಬ್ಬ ಅಕ್ಕ ಇದ್ದಾಳೆ, ದೂರದ ಊರಲ್ಲಿ ಮಗಳ ಮನೆಯಲ್ಲಿ. ಭಾನುವಾರ ಹನ್ನೊಂದು ಗಂಟೆಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳುತ್ತಾಳೆ. ಊಟ ಆಯ್ತಾ? ಮಾತ್ರೆ ತಗೊಂಡ್ಯಾ? ಅಂಗಡಿ ಹೇಗಿದೆ? ಮೂರಕ್ಕೂ ಹೂಂ ಅಂದರೆ ಫೋನ್ ಇಡುತ್ತಾಳೆ.

ಇಂಥವನ ಅಂಗಡಿಯ ಮುಂದೆ ಒಂದು ಗುರುವಾರ ಮಧ್ಯಾಹ್ನ ಮೀಟರಮ್ಮ ಬಂದು ನಿಂತಳು.

ಮೀಟರಮ್ಮ ಅಂದರೆ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವಳು. ಐವತ್ತೆರಡು ವಯಸ್ಸು, ಕುತ್ತಿಗೆಗೆ ತೂಗುಹಾಕಿದ ಟಾರ್ಚು, ಮೀಟರ್ ಗುಂಡಿಯ ಮುಚ್ಚಳ ಎತ್ತಲು ಕೈಯಲ್ಲೊಂದು ಕೊಕ್ಕೆ, ಇಡೀ ಬೀದಿಗೆ ಕೇಳಿಸುವ ಗಂಟಲು. ಹಿಂದಿನ ಚಕ್ರ ಚಪ್ಪಟೆಯಾಗಿತ್ತು.

"ಬೇಗ ಹಾಕಣ್ಣ, ಆಫೀಸ್ ಮುಚ್ಚೋದರೊಳಗೆ ಪುಸ್ತಕ ಒಪ್ಪಿಸಬೇಕು," ಎಂದವಳು ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟಳು. ಕೂತವಳು ಬಾಯಿ ಮುಚ್ಚಲಿಲ್ಲ. ಒಬ್ಬ ಮಹಾಶಯ ಮೀಟರ್ ಓದಬಾರದೆಂದು ಅದರ ಮೇಲೆ ಹೂವಿನ ಕುಂಡ ಇಟ್ಟು, ಕುಂಡದ ಮೇಲೆ ಬೆಕ್ಕನ್ನು ಮಲಗಿಸಿದ್ದನಂತೆ. "ನಾನು ಬೆಕ್ಕನ್ನೂ ಎತ್ತಿದೆ, ಕುಂಡಾನೂ ಎತ್ತಿದೆ, ಅವನನ್ನೂ ಎತ್ತೋಕೆ ಹೊರಟಿದ್ದೆ, ಅಷ್ಟರಲ್ಲಿ ಅವನ ಹೆಂಡ್ತಿ ಬಂದಳು!"

ಪ್ಯಾಚಣ್ಣ ಟ್ಯೂಬನ್ನು ನೀರಲ್ಲಿ ಮುಳುಗಿಸಿಕೊಂಡು ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಿಡಿದು ನಕ್ಕ.

ಮುಂದಿನ ಗುರುವಾರ ಮತ್ತೆ ಬಂದಳು. ಮತ್ತೆ ಅದೇ ಚಕ್ರ. ಈ ಸಲ ಟ್ಯೂಬ್ ಬಿಚ್ಚಿದಾಗಲೇ ಪ್ಯಾಚಣ್ಣನಿಗೆ ಗೊತ್ತಾಯಿತು. ಮುಳ್ಳು, ಮೊಳೆ, ಗಾಜು ಇವೆಲ್ಲ ರಸ್ತೆಯ ಕಡೆಯಿಂದ, ಅಂದರೆ ಟ್ಯೂಬಿನ ಹೊರಮೈಯಿಂದ ಚುಚ್ಚುತ್ತವೆ. ಇವಳ ಟ್ಯೂಬಿನ ತೂತು ಒಳಮೈಯಲ್ಲಿತ್ತು, ವಾಲ್ವ್ ಇರುವ ಬದಿಯಲ್ಲಿ. ರಿಮ್ಮಿನ ಒಳಗೆ ಕಡ್ಡಿಯ ತುದಿಗಳನ್ನು ಮುಚ್ಚುವ ರಬ್ಬರ್ ಪಟ್ಟಿ ಹಳತಾಗಿ ಹರಿದುಹೋಗಿತ್ತು. ಎರಡು ಕಡ್ಡಿಗಳು ಮೂತಿ ಚಾಚಿಕೊಂಡಿದ್ದವು. ಎರಡು ನಿಮಿಷ ಅರ ಹಾಕಿ, ಒಂದು ಹೊಸ ಪಟ್ಟಿ ಎಳೆದರೆ ಕಥೆ ಮುಗಿಯಿತು.

ಅವನು ಅರವನ್ನು ಕೈಗೆ ತೆಗೆದುಕೊಂಡ.

ಅದೇ ಹೊತ್ತಿಗೆ ಮೀಟರಮ್ಮ ಹೇಳುತ್ತಿದ್ದಳು: "ನಮ್ಮನೇಲಿ ಮೂರು ಜನ ಇದ್ದೀವಿ ಕಣಣ್ಣ, ನಾನು, ಮಗ, ಸೊಸೆ. ಸಂಜೆ ಮನೆಗೆ ಹೋದ್ರೆ ಸದ್ದು ಮಾಡೋದು ಫ್ರಿಜ್ ಒಂದೇ. ಅದಕ್ಕೇ ನೋಡು, ಇಲ್ಲಿ ಬಾಯಿ ಚಪಲ ತೀರಿಸ್ಕೋತಾ ಇದೀನಿ."

ಅರ ಮತ್ತೆ ಡಬ್ಬಿಗೆ ಹೋಯಿತು. ಮುಂದಿನ ವಾರ ಮಾಡಿದರಾಯಿತು ಎಂದುಕೊಂಡ, ಅಷ್ಟೇ. ಅದಕ್ಕಿಂತ ದೊಡ್ಡ ಲೆಕ್ಕಾಚಾರ ಅವನ ತಲೆಯಲ್ಲಿರಲಿಲ್ಲ. ಆದರೆ ಅವಳು ಏಳುವಾಗ ಕೇಳಿದಳು: "ಅದ್ಯಾಕಣ್ಣ ವಾರಕ್ಕೊಂದು ಸಲ ಹೀಗೆ?"

ನಾಲಿಗೆ ಅವನನ್ನು ಕೇಳದೆ ಹೊರಳಿತು. "ಕಾಲುವೆ ರಸ್ತೇಲಿ ಗಾಜಿದೆ, ಮೀಟರಮ್ಮ. ಪುಡಿ ಗಾಜು."

ಮೀಟರಮ್ಮನ ಕೊನೆಯ ಬೀದಿಯಿಂದ ಆಫೀಸಿಗೆ ಎರಡು ದಾರಿ. ಒಂದು ಕಾಲುವೆಯ ಪಕ್ಕದ ಸಮತಟ್ಟು ರಸ್ತೆ. ಇನ್ನೊಂದು ಏರು ರಸ್ತೆ, ಪ್ಯಾಚಣ್ಣನ ಅಂಗಡಿಯ ಮುಂದೆ ಹಾದು ಆಚೆ ಇಳಿಯುವುದು. ಮಾರನೆಯ ದಿನದಿಂದ ಅವಳು ಏರು ರಸ್ತೆ ಹಿಡಿದಳು. ದಿನಾ ನಾಲ್ಕೂ ಇಪ್ಪತ್ತಕ್ಕೆ ಸೈಕಲ್ ತಳ್ಳಿಕೊಂಡು, ಏದುಸಿರು ಬಿಡುತ್ತಾ ಮೇಲೆ ಬರುವಳು. ಪಂಚರ್ ಇಲ್ಲದ ದಿನವೂ ಅಂಗಡಿ ಮುಂದೆ ಎರಡು ಸಲ ಗಂಟೆ ಬಾರಿಸಿ, "ಇದೀಯೇನಣ್ಣ?" ಎಂದು ಕೂಗುವಳು. "ಇದೀನಮ್ಮ," ಎನ್ನುವನು. ಪಂಚರ್ ಇದ್ದ ದಿನ ಅರ್ಧ ಗಂಟೆ ಕೂರುವಳು.

ಈ ಬೀದಿಯ ಮೀಟರುಗಳೂ ಅವಳವೇ. "ನಿನ್ನ ಮೀಟರ್ ನಾನೇ ಓದೋದು, ಗೊತ್ತಾ?" ಎಂದಳು ಒಮ್ಮೆ. "ತಿಂಗಳಿಗೆ ಎರಡು ಯೂನಿಟ್ಟು. ಗುಬ್ಬಚ್ಚಿ ಕೂಡ ಇದಕ್ಕಿಂತ ಜಾಸ್ತಿ ನೀರು ಖರ್ಚು ಮಾಡುತ್ತೆ. ಒಬ್ಬರೇ ಇರೋ ಮನೆ ಅಂದ್ರೆ ಹಾಗೇ, ಮುಳ್ಳು ಅಲ್ಲಾಡಕ್ಕೂ ಬೇಜಾರು ಮಾಡ್ಕೊಳ್ಳುತ್ತೆ."

ಪ್ಯಾಚಣ್ಣನಿಗೆ ಅದು ಎಲ್ಲೋ ನಾಟಿತು. ಮುಂದಿನ ತಿಂಗಳು ಎರಡು ದಿನಕ್ಕೊಮ್ಮೆ ಅಂಗಡಿಯ ನೆಲ ತೊಳೆದ.

"ಈ ತಿಂಗಳು ನಾಲ್ಕು!" ಎಂದು ಮೀಟರಮ್ಮ ಬೀದಿಯಿಂದಲೇ ಕೂಗಿದಳು. "ನೆಂಟರು ಬಂದಿದ್ರಾ?"

"ಇಲ್ಲಮ್ಮ, ನೆಲ ತೊಳೆದೆ."

"ಯಾರು ಬರ್ತಾರೆ ಅಂತ ತೊಳೆದೆ?"

ಪಕ್ಕದಿಂದ ಕಟಿಂಗ್‌ನವನು ಕೆಮ್ಮಿದ. ಪ್ಯಾಚಣ್ಣ ಬಗ್ಗಿ, ಬಿಗಿಯಾಗಿಯೇ ಇದ್ದ ಒಂದು ತಿರುಪನ್ನು ಮತ್ತೆ ಬಿಗಿ ಮಾಡಿದ.

ಹೀಗೆ ನಾಲ್ಕು ತಿಂಗಳು. ಟ್ಯೂಬಿನ ಮೇಲೆ ಪ್ಯಾಚುಗಳು ಒಂದೊಂದಾಗಿ ಸಾಲುಗಟ್ಟಿದವು. ಪ್ರತಿ ಸಲ ಟೈರು ಬಿಚ್ಚಿದಾಗಲೂ ಅರ ಡಬ್ಬಿಯಲ್ಲೇ ಇತ್ತು, ಕೈಗೆಟುಕುವಷ್ಟೇ ದೂರ. ಒಮ್ಮೆ ಮೀಟರಮ್ಮ ಸಿಟ್ಟಿನಿಂದ ಕೆಂಪಾಗಿ ಬಂದಳು. ಕಾಲುವೆ ರಸ್ತೆಯ ಗಾಜಿನ ಬಗ್ಗೆ ಅವಳು ಆಫೀಸಿಗೆ ಅರ್ಜಿ ಬರೆದಿದ್ದಳು. ಆಫೀಸಿನವರು ರಸ್ತೆ ಗುಡಿಸುವವರನ್ನು ಕಳಿಸಿದ್ದರು. ಅವರು ಒಂದು ಚೂರು ಗಾಜೂ ಇಲ್ಲವೆಂದು ವಾಪಸ್ ಬಂದಿದ್ದರು.

"ನಾನು ಬಿಡ್ತೀನಾ? ಎಲ್ಲರ ಮುಂದೆ ಕೇಳಿದೆ, ನಿಮ್ಮ ಕಣ್ಣು ಗಟ್ಟೀನಾ ನಮ್ಮ ಪ್ಯಾಚಣ್ಣನ ಕಣ್ಣು ಗಟ್ಟೀನಾ ಅಂತ. ಇಪ್ಪತ್ತೆರಡು ವರ್ಷ ಫ್ಯಾಕ್ಟರೀಲಿದ್ದ ಮನುಷ್ಯ, ಅವನು ಸುಳ್ಳು ಹೇಳ್ತಾನಾ ಅಂದೆ. ಬಾಯಿ ಮುಚ್ಚಿಕೊಂಡು ಹೋದ್ರು."

ಅವತ್ತೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಹೇಳದ ಮಾತು ದಿನ ಕಳೆದಂತೆ ಹಗುರವಾಗುತ್ತದೆ ಎಂದು ಅವನು ಅಂದುಕೊಂಡಿದ್ದ. ಈ ಮಾತು ಮಾತ್ರ ಪ್ಯಾಚು ಅಂಟಿಸುವ ಸಲ್ಯೂಷನ್ನಿನ ಹಾಗೆ, ತೆರೆದಿಟ್ಟಷ್ಟೂ ಗಟ್ಟಿಯಾಗುತ್ತಾ ಹೋಯಿತು.

ಆಮೇಲೆ ಒಂದು ಶನಿವಾರ ಅವಳು ಸೈಕಲ್ಲಿನ ಹಿಂದೆ ಎರಡು ಹೊಸ ಚಕ್ರ ಕಟ್ಟಿಕೊಂಡು ಬಂದಳು. ಕಂದು ಕಾಗದ ಸುತ್ತಿದ್ದ, ಇನ್ನೂ ಎಣ್ಣೆಯ ವಾಸನೆ ಇರುವ ಚಕ್ರಗಳು. ಜೊತೆಗೆ ಎರಡು ಟೈರು, ಎರಡು ಟ್ಯೂಬು.

"ಹನ್ನೊಂದು ಪಂಚರ್ ಅಂತ ಬರೆದು ಬರೆದು ಕೊಟ್ಟೆ. ಕೊನೆಗೂ ಆಫೀಸಿನವರಿಗೆ ನಾಚಿಕೆ ಬಂತು," ಎಂದು ಬೀಗಿದಳು. "ಇವತ್ತು ನೀನು ಕೈ ಹಚ್ಚಬೇಡ. ಬಾಯಲ್ಲಿ ಹೇಳು, ನಾನು ಕೈಯಲ್ಲಿ ಮಾಡ್ತೀನಿ. ಕಲ್ತುಕೋಬೇಕು."

"ನೀವ್ಯಾಕಮ್ಮ ಕಲಿಯೋದು? ನಾನಿಲ್ವಾ?"

"ಸೋಮವಾರದಿಂದ ಈ ಬೀದಿ ನಂದಲ್ಲ ಕಣಣ್ಣ. ಬೇರೆಯವರಿಗೆ ಕೊಟ್ರು. ನನ್ನನ್ನ ಹೊಳೆಯಾಚೆ ಹಾಕಿದಾರೆ."

ಬೀದಿ ಹೋಯಿತು. ಮೀಟರ್ ಹೋಯಿತು. ಇನ್ನು ಅವಳು ಈ ಏರು ಹತ್ತಿ ಬರಬೇಕಾದರೆ ಉಳಿದ ಕಾರಣ ಒಂದೇ: ಪಂಚರ್. ಪ್ಯಾಚಣ್ಣ ಹೊಸ ಚಕ್ರದ ಕಾಗದ ಬಿಚ್ಚಿದ. ಒಳಬದಿಯ ಮೇಲೆ ಹೆಬ್ಬೆರಳು ಹಾಯಿಸಿದ್ದೇ ತಡ, ತಿಳಿಯಬೇಕಾದ್ದು ತಿಳಿಯಿತು. ಈಗಿನ ಚಕ್ರಗಳಿಗೆ ಬಟ್ಟೆ ಸುತ್ತಿ ಎಳೆಯುವ ಹೆಬ್ಬೆರಳುಗಳೇ ಇಲ್ಲ. ಕಡ್ಡಿಯ ತುದಿಗಳು ಉಜ್ಜದೆ ಹಸಿಹಸಿಯಾಗಿದ್ದವು. ಮೇಲೆ ಪಟ್ಟಿಯೂ ಇಲ್ಲ. ಹೀಗೇ ಟ್ಯೂಬ್ ಹಾಕಿದರೆ ಹತ್ತು ದಿನ, ಹೆಚ್ಚೆಂದರೆ ಹದಿನೈದು. ಅವನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

ಮೀಟರಮ್ಮ ಹಳೆಯ ಚಕ್ರಗಳನ್ನು ಕಳಚಿ, ಹಿಂದಿನದರ ಟ್ಯೂಬನ್ನು ಗೋಡೆಯ ಮೊಳೆಗೆ ತೂಗುಹಾಕಿದಳು. ಹೊಸ ಟೈರಿನ ಒಂದು ಅಂಚನ್ನು ರಿಮ್ಮಿಗೆ ಕೂರಿಸಿ, ಹೊಸ ಟ್ಯೂಬನ್ನು ಕೊರಳಿಗೆ ಹಾಕಿಕೊಂಡು, "ಹಾಕ್ಲಾ?" ಎಂದಳು.

"ಹಾಕಿ," ಎಂದ.

ಅವಳು ವಾಲ್ವನ್ನು ತೂತಿಗೆ ತೂರಿಸಿದಳು. ಟ್ಯೂಬನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ತುರುಕುತ್ತಾ ಮಾತು ಮುಂದುವರಿಸಿದಳು. "ಹೊಳೆಯಾಚೆ ಅಂದ್ರೆ ಸೇತುವೆ ದಾಟಿ ಹದಿನಾಲ್ಕು ಮೈಲಿ. ಮಧ್ಯದಲ್ಲಿ ಒಂದು ಮನೆ ಇಲ್ಲ, ಒಂದು ಮರ ಇಲ್ಲ. ಹಿಂದಿನವನು ಅಲ್ಲಿ ಪಂಚರ್ ಆಗಿ ಬಿಸಿಲಲ್ಲಿ ತಳ್ಕೊಂಡು ಬಂದು ಬವಳಿ ಬಂದು ಬಿದ್ದನಂತೆ. ಅದಕ್ಕೇ ಅವನನ್ನ ಈ ಕಡೆ ಹಾಕಿದ್ದು. ನಂಗೆ ಹೆದರಿಕೆ ಇಲ್ಲಪ್ಪ. ಚಕ್ರ ಹೊಸದು, ಕಟ್ಟಿಸ್ತಿರೋನು ನೀನು."

ಅರ್ಧ ಟ್ಯೂಬ್ ಒಳಗೆ ಹೋಗಿತ್ತು.

"ತೆಗೀರಿ," ಎಂದ ಪ್ಯಾಚಣ್ಣ.

"ಏನು?"

"ತೆಗೀರಿ ಅದನ್ನ. ಪೂರ್ತಿ ತೆಗೀರಿ. ಟೈರೂ ತೆಗೀರಿ."

ಅವನ ದನಿ ಕೇಳಿ ಪಕ್ಕದಲ್ಲಿ ಕತ್ತರಿಯ ಸದ್ದು ನಿಂತಿತು. ಮೀಟರಮ್ಮ ತೆಗೆದಳು. ಪ್ಯಾಚಣ್ಣ ಹಳೆಯ ಬನಿಯನ್ನಿನಿಂದ ಒಂದು ತುಂಡು ಹರಿದು ಅವಳಿಗೆ ಕೊಟ್ಟ. "ಹೆಬ್ಬೆರಳಿಗೆ ಸುತ್ತಿ. ರಿಮ್ಮಿನ ಒಳಗೆ ಒಂದು ಸುತ್ತು ಎಳೀರಿ. ನಿಧಾನ. ಒತ್ತಬೇಡಿ, ಮಗು ಕೆನ್ನೆ ಸವರೋ ಹಾಗೆ."

ಬಟ್ಟೆ ಸರಿಯಿತು, ಸರಿಯಿತು, ಚಿರಕ್ಕೆಂದಿತು. ಒಂದು ನೂಲು ಸಿಕ್ಕಿಕೊಂಡಿತ್ತು.

"ಅಲ್ಲಿ. ಅರ ತಗೊಳ್ಳಿ, ಉಜ್ಜಿ. ಈಗ ಮತ್ತೆ ಬಟ್ಟೆ."

ಮೂರು ಕಡೆ ನೂಲು ಸಿಕ್ಕಿತು. ಮೂರನ್ನೂ ಅವಳು ಉಜ್ಜಿದಳು. ಕಬ್ಬಿಣದ ಪುಡಿಯನ್ನು ಅವಳಿಂದಲೇ ಒರೆಸಿಸಿದ, ಒಂದು ಕಣವೂ ಉಳಿಯಬಾರದೆಂದು ಎರಡು ಸಲ. ಆಮೇಲೆ ಮೊಳೆಗೆ ತೂಗುಹಾಕಿದ್ದ ರಬ್ಬರ್ ಪಟ್ಟಿಗಳಲ್ಲಿ ಒಂದನ್ನು ಇಳಿಸಿ ಕೊಟ್ಟ. "ಪಟ್ಟಿಯ ತೂತು ವಾಲ್ವಿನ ತೂತಿಗೆ ಸರಿಯಾಗಿ ಕೂರಲಿ. ಎಲ್ಲೂ ಮಡಿಸಬಾರದು, ತಿರುಚಬಾರದು. ಮೂವತ್ತಾರು ತಲೆಗಳೂ ಮುಚ್ಚಿರಬೇಕು. ಒಂದು ಹೊರಗಿದ್ರೂ ಅದು ಟ್ಯೂಬನ್ನ ಹುಡುಕಿಕೊಂಡು ಬರುತ್ತೆ."

ಮೀಟರಮ್ಮನ ಕೈ ಪಟ್ಟಿಯ ಮೇಲೆ ನಿಂತಿತು.

"ಅಂದ್ರೆ ಪಂಚರ್ ಒಳಗಿಂದಾನೂ ಆಗುತ್ತಾ?"

"ಆಗುತ್ತೆ."

"ನನ್ನ ಹಳೇ ಚಕ್ರದಲ್ಲಿ ಈ ಪಟ್ಟಿ ಇತ್ತಾ?"

"ಇತ್ತು. ಹರಿದಿತ್ತು."

ಮೀಟರಮ್ಮ ಎದ್ದಳು. ಮೊಳೆಗೆ ನೇತಾಡುತ್ತಿದ್ದ ತನ್ನ ಹಳೆಯ ಟ್ಯೂಬನ್ನು ತೆಗೆದುಕೊಂಡು ಬೆಳಕಿಗೆ ಹೋದಳು. ದಿನಕ್ಕೆ ಇನ್ನೂರು ಮೀಟರ್ ಓದುವ ಕಣ್ಣು ಅದು, ಕನ್ನಡಕ ಬೇಕಾಗಲಿಲ್ಲ. ವಾಲ್ವನ್ನು ಹೆಬ್ಬೆರಳಲ್ಲಿ ಹಿಡಿದು ಟ್ಯೂಬನ್ನು ಒಂದು ಸುತ್ತು ಕೈಯಲ್ಲಿ ಹಾಯಿಸಿದಳು. ಪ್ಯಾಚುಗಳ ಮೇಲೆ ಬೆರಳಿಟ್ಟು ಎಣಿಸಿದಳು. ಟ್ಯೂಬಿನ ಹೊರಮೈ ಹೊಸದರಂತೆ ನುಣುಪಾಗಿತ್ತು.

"ಹನ್ನೊಂದೂ ವಾಲ್ವ್ ಕಡೆಗೇ ಇದೆ," ಎಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಪ್ಯಾಚಣ್ಣ ಎಂದೂ ಕೇಳಿರಲಿಲ್ಲ. "ಗಾಜು ವಾಲ್ವ್ ಕಡೆಯಿಂದ ಚುಚ್ಚುತ್ತಾ?"

"ಇಲ್ಲ."

"ಯಾವಾಗಿಂದ ಗೊತ್ತು ನಿಂಗೆ?"

"ಎರಡನೇ ಸಲದಿಂದ."

"ಯಾಕಣ್ಣ?"

ಫ್ಯಾಕ್ಟರಿ, ಮೇಜು, ಒಂಬತ್ತು ಜನ, ಭಾನುವಾರದ ಫೋನು, ಬಾಣಲಿಯ ನೀರು, ಎಲ್ಲವೂ ಒಟ್ಟಿಗೆ ಬಾಯಿಗೆ ಬಂದವು. ಬಂದದ್ದೆಲ್ಲ ಹಲ್ಲಿನ ಹಿಂದೆ ಸಿಕ್ಕಿಕೊಂಡು ಒಂದೇ ಹೊರಗೆ ಬಿತ್ತು. "ನೀವು ಬರ್ತಿದ್ರಿ."

ಅವಳು ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು. ಟ್ಯೂಬನ್ನು ಅವನ ಮುಖಕ್ಕೆ ಎಸೆದಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ಅದನ್ನು ಮತ್ತೆ ಮೊಳೆಗೆ ತೂಗುಹಾಕಿ ಬಂದು ಕೂತಳು.

"ಎಲ್ಲರೆದುರು ನಿನ್ನ ಹೆಸರು ಹೇಳಿ ಜಗಳ ಆಡಿದೀನಿ ನಾನು," ಎಂದಳು. ಆಮೇಲೆ, "ಪಟ್ಟಿ ಆಯ್ತು. ಮುಂದೆ ಹೇಳು."

ಅವನು ಹೇಳಿದ. ಟೈರಿನ ಒಳಗೆ ಬಟ್ಟೆ ಆಡಿಸಿ ಕಸ ನೋಡಿ. ಟ್ಯೂಬಿಗೆ ಪೌಡರ್ ಸವರಿ, ಟೈರಿಗೆ ಅಂಟಬಾರದು. ಎರಡೇ ಎರಡು ಪಂಪ್ ಗಾಳಿ ಹೊಡೀರಿ, ಟ್ಯೂಬು ದುಂಡಗೆ ನಿಂತರೆ ಸಾಕು, ಚಪ್ಪಟೆ ಇದ್ರೆ ಮಡಚಿಕೊಳ್ಳುತ್ತೆ. ಮೊದಲು ವಾಲ್ವ್, ಆಮೇಲೆ ಎರಡೂ ಕಡೆಯಿಂದ ಸಮ ಸಮ. ಟೈರಿನ ಕೊನೆ ಗೇಣು ಬಿಗಿಯಾಗುತ್ತೆ, ಕಬ್ಬಿಣದ ಪಟ್ಟಿ ಹಾಕಿ ಮೀಟಬೇಡಿ, ಟ್ಯೂಬು ನಡುವೆ ಸಿಕ್ಕಿ ಕಚ್ಚಿಹೋಗುತ್ತೆ. ಹೆಬ್ಬೆರಳಲ್ಲೇ ತಳ್ಳಿ. ಇನ್ನೂ ತಳ್ಳಿ. ಅವಳ ಹೆಬ್ಬೆರಳು ಬೆಳ್ಳಗಾಯಿತು, ಉಗುರಿನ ಅಂಚು ಹರಿಯಿತು. ಪ್ಯಾಚಣ್ಣನ ಕೈ ತಾನಾಗಿ ಮುಂದೆ ಹೋಯಿತು.

"ಕೈ ಹಚ್ಚಬೇಡ ಅಂದಿದೀನಿ."

ಕೈ ಹಿಂದೆ ಬಂತು. ಟೈರು ಟಪ್ಪೆಂದು ಕೂತಿತು.

"ಸುತ್ತ ನೋಡಿ, ಟ್ಯೂಬು ಎಲ್ಲಾದ್ರೂ ಇಣುಕ್ತಿದೆಯಾ ಅಂತ. ವಾಲ್ವನ್ನ ಒಂದು ಸಲ ಒಳಗೆ ಒತ್ತಿ, ಹೊರಗೆ ಎಳೀರಿ. ಅರ್ಧ ಗಾಳಿ ಹೊಡೆದು ಅದನ್ನ ಹೊರಗೆ ಬಿಟ್ಟುಬಿಡಿ, ಟ್ಯೂಬು ಸರಿಯಾಗಿ ಕೂರುತ್ತೆ. ಈಗ ಪೂರ್ತಿ ಹೊಡೀರಿ."

ಎರಡನೇ ಚಕ್ರಕ್ಕೆ ಅವನು ಬಾಯಿ ತೆರೆಯುವ ಮೊದಲೇ ಅವಳು ಬಟ್ಟೆ ಸುತ್ತಿಕೊಂಡಿದ್ದಳು. ಒಂದೂ ತಪ್ಪಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸ, ಒಂದು ಮಧ್ಯಾಹ್ನದಲ್ಲಿ ಇನ್ನೊಬ್ಬರ ಕೈಗೆ ಹೋಗಿಬಿಟ್ಟಿತು. ಅವಳು ಸೈಕಲ್ ಹತ್ತಿ, ಗಂಟೆ ಬಾರಿಸದೆ ಹೋದಳು.

ಕಟಿಂಗ್‌ನವನು ಬಾಗಿಲಿಗೆ ಬಂದ. ತಮಾಷೆ ಮಾಡಲೆಂದೇ ಬಂದವನು, ಪ್ಯಾಚಣ್ಣನ ಮುಖ ನೋಡಿ, "ಕೂದಲು ಉದ್ದ ಬಂದಿದೆ, ಬಾ, ಟ್ರಿಮ್ ಮಾಡ್ತೀನಿ," ಎಂದ.

"ಬೇಡಪ್ಪ."

"ಹೂಂ," ಎಂದು ತನ್ನ ಕತ್ತರಿಗೆ ವಾಪಸಾದ.

ಭಾನುವಾರ ಹನ್ನೊಂದಕ್ಕೆ ಅಕ್ಕನ ಫೋನ್ ಬಂತು. ಊಟ ಆಯ್ತಾ? ಹೂಂ. ಮಾತ್ರೆ? ಹೂಂ. ಅಂಗಡಿ?

"ಅಕ್ಕಾ, ನಾನೊಂದು ಸುಳ್ಳು ಹೇಳಿದ್ದೆ ಒಬ್ಬರ ಹತ್ರ," ಎಂದು ಶುರು ಮಾಡಿದ. ಆ ಕಡೆ ಮೊಮ್ಮಗು ಅಳತೊಡಗಿತು. "ಏನೋ ಅದು? ಕೇಳಿಸ್ತಿಲ್ಲ ಕಣೋ. ಯಾರ ಹತ್ರ?" ಅವನು ಅರ್ಧ ಹೇಳಿದ. "ಅಯ್ಯೋ, ಒಂದು ಪಂಚರ್ ವಿಷಯಕ್ಕೆ ಇಷ್ಟೊಂದಾ? ಹೋಗಿ ತಪ್ಪಾಯ್ತು ಅಂದ್ಬಿಡು, ಮುಗೀತು. ಇರು, ಇದಕ್ಕೆ ಹಾಲು ಕುಡಿಸ್ಬೇಕು." ಫೋನ್ ಇಟ್ಟಳು.

ಸೋಮವಾರ ನಾಲ್ಕೂ ಇಪ್ಪತ್ತು ಬಂದು ಹೋಯಿತು. ಮಂಗಳವಾರದ್ದೂ ಹೋಯಿತು. ಬುಧವಾರ ಟೋಪಿ ಹಾಕಿದ ಒಬ್ಬ ಸಣ್ಣ ವಯಸ್ಸಿನವನು ಬಂದು, ಕಿವಿಯಲ್ಲಿ ಏನನ್ನೋ ಕೇಳಿಸಿಕೊಳ್ಳುತ್ತಾ ಮೀಟರ್ ಓದಿಕೊಂಡು ಹೋದ. ಪ್ಯಾಚಣ್ಣ "ಎಷ್ಟಿದೆ?" ಎಂದು ಕೇಳಿದ್ದು ಅವನಿಗೆ ಕೇಳಿಸಲಿಲ್ಲ.

ಗುರುವಾರ ಮೂರೂವರೆಗೆ ಪ್ಯಾಚಣ್ಣ ಶಟರ್ ಎಳೆದ.

"ಏನಾಯ್ತೋ, ಹುಷಾರಿಲ್ವಾ?" ಎಂದು ಕಟಿಂಗ್‌ನವನು ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಬಿಟ್ಟು ಓಡಿ ಬಂದ. ಹಗಲಲ್ಲಿ ಆ ಶಟರ್ ಕೆಳಗಿಳಿದದ್ದನ್ನು ಅವನು ನೋಡಿರಲೇ ಇಲ್ಲ.

"ಕೆಳಗೆ ಹೋಗಿ ಬರ್ತೀನಿ."

"ಕೆಳಗೆ ಏನಿದೆ?"

"ಕಾಲುವೆ."

ಕಾಲುವೆ ರಸ್ತೆ ತೊಳೆದಿಟ್ಟ ತಟ್ಟೆಯ ಹಾಗೆ ಚೊಕ್ಕಟವಾಗಿತ್ತು. ಪ್ಯಾಚಣ್ಣ ಕಟ್ಟೆಯ ಮೇಲೆ ಕೂತ. ಹೊಳೆಯಾಚೆಯಿಂದ ಆಫೀಸಿಗೆ ಬರುವವರು ಇದೇ ದಾರಿ ಹಿಡಿಯಬೇಕು. ನೀರು ನಿಧಾನಕ್ಕೆ ಹೋಗುತ್ತಿತ್ತು. ಆಚೆ ದಡದಲ್ಲಿ ಯಾರೋ ಕಂಬಳಿ ಒಣಹಾಕಿದ್ದರು. ಹೊಳೆಯ ಕಡೆಯಿಂದ ಸೈಕಲ್ಲೊಂದು ಬಂತು. ದೂರದಿಂದಲೇ ಅವನ ಕಣ್ಣು ಮೊದಲು ಹೋದದ್ದು ಚಕ್ರಕ್ಕೆ. ಓಲಾಟವಿಲ್ಲ, ಸದ್ದಿಲ್ಲ, ದಾರ ಹಿಡಿದು ಎಳೆದಂತೆ ನೇರ. ಆಮೇಲೆ ಅವಳ ಮುಖ ನೋಡಿದ. ಬಿಸಿಲಿಗೆ ಕಪ್ಪಾಗಿತ್ತು.

ಮೀಟರಮ್ಮ ಬ್ರೇಕ್ ಹಿಡಿದಳು. ಒಂದು ಕಾಲು ನೆಲಕ್ಕೆ ಊರಿ ನಿಂತಳು.

"ಗಾಜು ಹೆಕ್ಕೋಕೆ ಬಂದ್ಯಾ?"

"ತಪ್ಪಾಯ್ತು, ಮೀಟರಮ್ಮ."

ಅವಳು ಕಾಲುವೆಯ ಕಡೆ ನೋಡಿದಳು. "ಬಾ, ಕೂತು ಮಾತಾಡು ಅಂತ ಒಂದು ಮಾತು ಕರೆದಿದ್ರೆ ಬರ್ತಿದ್ನಲ್ಲೋ," ಎಂದಳು. "ಹಾಗೆ ಕೇಳೋಕೆ ಬಾಯಿ ಬರ್ಲಿಲ್ವಾ ನಿಂಗೆ?"

"ಬರ್ಲಿಲ್ಲ."

"ಈಗ ಕೇಳಬೇಡ. ಆ ಏರು ಹತ್ತಿ ಹತ್ತಿ ಮಂಡಿ ಹೋಗಿದೆ ನಂದು. ಡಾಕ್ಟ್ರು ಬೈದ್ರು. ಇನ್ನು ಹತ್ತಲ್ಲ ನಾನು."

"ಹತ್ತಬೇಡಿ," ಎಂದ ಪ್ಯಾಚಣ್ಣ. ಬೇರೇನೂ ತೋಚದೆ ಬಗ್ಗಿ ಟೈರನ್ನು ನೋಡಿದ. "ಮುಂದಿನದಕ್ಕೆ ಗಾಳಿ ಸ್ವಲ್ಪ ಕಮ್ಮಿಯಿದೆ."

"ಗೊತ್ತು." ಅವಳು ಇಳಿದು, ಸೈಕಲ್ಲಿನ ಉದ್ದಕ್ಕೆ ಕಟ್ಟಿದ್ದ ಹೊಸ ಪಂಪನ್ನು ಬಿಚ್ಚಿದಳು. ಮುಂದಿನ ಚಕ್ರದ ಹತ್ತಿರ ಕೂತು ಹೊಡೆಯತೊಡಗಿದಳು. ಅವನು ಎರಡು ಕೈಗಳನ್ನೂ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ನಿಲ್ಲಿಸಿ, ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು.

"ಇನ್ನು ನಾಲ್ಕು ಹೊಡೀರಿ," ಎಂದ.

ಅವಳು ನಾಲ್ಕು ಹೊಡೆದಳು. ಪಂಪನ್ನು ಕಟ್ಟಿದಳು. ಸೈಕಲ್ ಹತ್ತಿ, ಬರುತ್ತೇನೆಂದೂ ಹೇಳದೆ, ಬರುವುದಿಲ್ಲವೆಂದು ಮತ್ತೊಮ್ಮೆಯೂ ಹೇಳದೆ ಹೊರಟಳು. ಚಕ್ರ ಅಷ್ಟು ಚೆನ್ನಾಗಿ ಓಡುತ್ತಿತ್ತು, ನಿಮಿಷದೊಳಗೆ ಅವಳು ತಿರುವಿನಲ್ಲಿ ಮರೆಯಾದಳು.

ಪ್ಯಾಚಣ್ಣ ಮನೆಯ ಕಡೆ ತಿರುಗಿದ. ಅವನಿಗೆ ಬೇಕಾದ್ದೆಲ್ಲ ಮೇಲಿನ ಬೀದಿಯಲ್ಲೇ ಸಿಗುತ್ತಿದ್ದುದರಿಂದ ಈ ಏರನ್ನು ಹತ್ತದೆ ಎಷ್ಟೋ ವರ್ಷಗಳಾಗಿದ್ದವು. ಮೊದಲ ತಿರುವಿಗೆ ಬರುವಷ್ಟರಲ್ಲಿ ಪಕ್ಕೆ ಹಿಡಿಯಿತು. ನಿಂತ. ಮತ್ತೆ ನಡೆದ. ಕಂಬದ ಹತ್ತಿರ ಕಾಲು ನಡುಗಿ ಮತ್ತೆ ನಿಂತ. ಬರಿಗೈಯಲ್ಲಿದ್ದ ಅವನು. ಸೈಕಲ್ ಇರಲಿಲ್ಲ, ಪುಸ್ತಕ ಇರಲಿಲ್ಲ, ಕಬ್ಬಿಣದ ಕೊಕ್ಕೆ ಇರಲಿಲ್ಲ. ಮೀಟರಮ್ಮ ಹತ್ತಿದ್ದು ನಾಲ್ಕು ತಿಂಗಳು, ದಿನಕ್ಕೊಂದು ಸಲ, ಎಂದು ಲೆಕ್ಕ ಹಾಕಲು ಹೋಗಿ ಉಸಿರು ಸಾಲದೆ ಬಿಟ್ಟ. ಗೋಡೆಗೆ ಕೈ ಕೊಟ್ಟು ಮೇಲೆ ನೋಡಿದ. ಅಂಗಡಿ ಇನ್ನೂ ಕಾಣಿಸುತ್ತಿರಲಿಲ್ಲ.